ತಾನೇ ಬಿಚ್ಚುವ ಚಾವಿ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂದು ನಮ್ಮಲ್ಲಿ ಕಟ್ಟಳೆ. ಹೆಸರಿಲ್ಲದೆ ಈ ಕಥೆ ಮುಂದೆ ಸಾಗುವುದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ: ಜಂಬಣ್ಣ. ಸಿಂಧನೂರಿನವರು. ತುಂಗಭದ್ರೆಯ ಎಡದಂಡೆ ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ ಅಲ್ಲಿ ಕೂಲಿಯವರ ಮೇಲೆ ಗುಮಾಸ್ತರಾಗಿದ್ದರು. ನಾನು ಮಸ್ಕಿಯ ಅರಿವೆ ಅಂಗಡಿ ಅಮರಗುಂಡಪ್ಪನ ಮಗಳು ಕಸ್ತೂರೆಮ್ಮ.

ಮದುವೆಯಲ್ಲಿ ಅಪ್ಪ ಅಳಿಯನಿಗೆ ಕೈಗಡಿಯಾರ ಕೊಟ್ಟಿದ್ದ. ಲಿಂಗಸುಗೂರಿನ ಹಾಜಿಸಾಬರು ಹೈದರಾಬಾದಿಗೆ ಹೋದಾಗ ಆರಿಸಿ ತಂದ ಗಡಿಯಾರ ಅದು. ಒಳಗೆ ನೀರು ಹೋಗದಂಥದ್ದು. ಅದರ ಪಕ್ಕದ ಗುಂಡಿಯಂಥ ಚಾವಿ ಬೇರೆ ಗಡಿಯಾರಗಳ ಚಾವಿಯ ಹಾಗಲ್ಲ, ಸೀಸೆಯ ಮುಚ್ಚಳದಂತೆ ತಿರುಗಿಸಿ ಬಿಗಿ ಮಾಡಬೇಕು. ಹಾಜಿಸಾಬರು ಹಂದರದಲ್ಲೇ ಅದನ್ನು ಮಾಡಿ ತೋರಿಸಿದರು.

"ಹಿಂದಕ್ಕ ತಿರುವಿ ಬಿಚ್ರಿ, ಚಾವಿ ಕೊಡ್ರಿ, ಆಮ್ಯಾಲ ಒಳಗ ಒತ್ತಿ ಬಿಗಿ ಮಾಡ್ರಿ. ಆ ತಿರುಪಿನ ಸುತ್ತಿನಾಗ ಕಸ ಕೂಡಬಾರದು, ಇಷ್ಟ ನೋಡ್ರಿ" ಎಂದರು.

ನಮ್ಮವರು ಕೇಳಿಸಿಕೊಂಡರೋ ಇಲ್ಲವೋ, ದೇವರೇ ಬಲ್ಲ. ಅಷ್ಟು ಹೊತ್ತೂ ಕೈ ಚಾಚಿ ಎದುರಿಗಿದ್ದವರಿಗೆ ತೋರಿಸುವುದರಲ್ಲಿದ್ದರು. ಅವತ್ತು ಕೈಗೇರಿದ ಗಡಿಯಾರ ಮತ್ತೆ ಇಳಿಯಲಿಲ್ಲ. ಉಣ್ಣುವಾಗ, ಮಲಗುವಾಗ, ಕೊನೆಗೆ ಲಿಂಗಪೂಜೆಗೆ ಕುಳಿತಾಗ ಕೂಡ ಎಡಗೈಯ ಮೇಲೆ ಅದು ಇರಲೇಬೇಕು. ನಮ್ಮತ್ತೆ ಬದುಕಿದ್ದರೆ ಪೂಜೆಯ ಹೊತ್ತಿಗಾದರೂ ಬಿಚ್ಚಿಸುತ್ತಿದ್ದರು. ನಾನು ಹೊಸಬಳು, ನನ್ನ ಮಾತು ಯಾರು ಕೇಳಬೇಕು.

ಆರು ತಿಂಗಳು ಕಳೆಯುವಷ್ಟರಲ್ಲಿ ಚಾವಿಯ ಕಾಟ ಶುರುವಾಯಿತು. ಬೆಳಿಗ್ಗೆ ಎಷ್ಟು ಬಿಗಿ ಮಾಡಿದರೂ ಕಾಲುವೆಗೆ ಹೊರಡುವಷ್ಟರಲ್ಲಿ ಅದು ಸಡಿಲಾಗಿ ಹೊರಗೆ ಬಂದಿರುತ್ತಿತ್ತು. ಆಮೇಲೆ ಗಾಜಿನ ಒಳಗೆ ಮಂಜು ಕಟ್ಟತೊಡಗಿತು. ಒಂದು ದಿನ ಗಡಿಯಾರ ನಿಂತೇಹೋಯಿತು, ಅದು ನಮ್ಮವರಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಸೀಟಿ ಊದಬೇಕಾದವರು ಗಡಿಯಾರ ನೋಡುತ್ತ ನಿಂತರು. ಬಿಸಿಲು ನೆತ್ತಿಯಿಂದ ಇಳಿದರೂ ಸೀಟಿ ಇಲ್ಲ. ಮಣ್ಣು ಹೊರುತ್ತಿದ್ದ ಗದ್ದೆಮ್ಮ ಬುಟ್ಟಿ ಕೆಳಗಿಟ್ಟು ಕೇಳಿದಳಂತೆ: "ಸಾಹೇಬ್ರ ಘಡಿಯಾಗ ಇನ್ನ ಹೊತ್ತು ಏರಿಲ್ಲೇನ್ರಿ?" ಕಾಲುವೆಯ ಉದ್ದಕ್ಕೂ ಜನ ನಕ್ಕರು.

ಆ ನಗುವನ್ನು ಅವರು ಮನೆಗೆ ಹೊತ್ತು ತಂದು ನನ್ನ ಮೇಲೆ ಸುರಿದರು.

"ನಿಮ್ಮಪ್ಪ ನಕಲಿ ಮಾಲು ಕೊಟ್ಟು ನನ್ನ ಮಾನ ಕಳದಾನ. ಖರೇ ಘಡಿ ತಂದು ಕೊಡೋ ತನಕ ನೀ ಮಸ್ಕಿಯಾಗ ಇರು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಗಂಡ ಬಿಟ್ಟವಳೆಂದು ತೌರುಮನೆಯ ಅಂಗಡಿಯ ಹಿಂದೆ ಕುಳಿತುಕೊಳ್ಳುವುದು ಏನೆಂದು ನಮ್ಮ ಚಿಕ್ಕಮ್ಮ ಶೇಖರಮ್ಮನನ್ನು ನೋಡಿ ನನಗೆ ಗೊತ್ತಿತ್ತು. ಅವಳ ಎಲೆಗೆ ಎರಡನೇ ರೊಟ್ಟಿ ಹಾಕುವಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ನಮ್ಮವರು ಅಪ್ಪನಿಗೆ ಬಸ್ಸಿನವರ ಕೈಲಿ ಹೇಳಿಕಳಿಸಿದರು. ಹಿರಿಯರ ಮುಂದೆ ಮಾತಾಗಲಿ ಎಂದು ತಮ್ಮ ದೊಡ್ಡಪ್ಪ ಮುದುಕಪ್ಪನವರನ್ನೂ ಓಣಿಯ ನಾಲ್ಕು ಜನರನ್ನೂ ಮನೆಗೆ ಕರೆದರು. ಸೋಮವಾರ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿ ಕುಳಿತರು, ಅಪ್ಪ ಇನ್ನೂ ಬಂದಿರಲಿಲ್ಲ. ನಮ್ಮವರು ಪೂಜೆಗೆ ಕೂಡುವ ಮೊದಲು ದೊಡ್ಡಪ್ಪನ ಮುಂದೆ ಕೈ ಚಾಚಿದರು.

"ನೋಡ್ರಿ ದೊಡ್ಡಪ್ಪ, ನಿಮ್ಮ ಕಣ್ಣ ಮುಂದ ಬಿಗಿ ಮಾಡಾಕತ್ತೀನಿ. ಪೂಜಾ ಮುಗಸಿ ಏಳೋದ್ರಾಗ ತಾನ ಬಿಚ್ಚಿರತೈತಿ."

ದಿನಾಲೂ ಪೂಜೆಯ ಸಾಮಾನು ಇಟ್ಟು ನಾನು ಒಲೆಯ ಮುಂದೆ ಹೋಗುತ್ತಿದ್ದೆ. ಅವತ್ತು ಕಾಲು ಕದಲಲಿಲ್ಲ, ಬಾಗಿಲ ಸಂದಿಯಲ್ಲಿ ನಿಂತು ಆ ಗಡಿಯಾರವನ್ನೇ ನುಂಗುವಂತೆ ನೋಡಿದೆ. ಅವರು ವಿಭೂತಿಯನ್ನು ನೀರಿನಲ್ಲಿ ಕಲಸಿ ಹಣೆಗೆ, ತೋಳಿಗೆ, ಮುಂಗೈಗೆ ಬಳಿದುಕೊಂಡರು. ಬೆರಳು ಗಡಿಯಾರದ ಮೇಲೆಯೇ ಹಾದುಹೋಯಿತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿದರು. ಕೈ ಹಿಂದಕ್ಕೆ ಮಡಿಚಿಕೊಂಡಿತು, ಅಂಗೈ ಹಿಂಬದಿಯ ಚರ್ಮ ಚಾವಿಗೆ ಒತ್ತಿಕೊಂಡಿತು. ಮಂತ್ರ ಹೇಳುತ್ತ ಕೈ ತೂಗಿದಾಗಲೆಲ್ಲ ಚರ್ಮ ಆ ಚಾವಿಯನ್ನು ಇಷ್ಟಿಷ್ಟೇ ಹಿಂದಕ್ಕೆ ಉಜ್ಜುತ್ತಿತ್ತು. ಲಿಂಗದ ಮೇಲೆ ಎರೆದ ನೀರು ಮಣಿಕಟ್ಟಿನಿಂದ ಇಳಿದು ಅಲ್ಲೇ ನಿಲ್ಲುತ್ತಿತ್ತು. ಕಾಟ ಎಲ್ಲಿಯದೆಂದು ನನಗೆ ಆಗಲೇ ತಿಳಿಯಿತು.

ಅವರು ಎದ್ದು ಕೈ ತೋರಿಸುವುದಕ್ಕೂ ಅಪ್ಪ ಒಳಗೆ ಬರುವುದಕ್ಕೂ ಸರಿಹೋಯಿತು. ಚಾವಿ ಹೊರಗೆ ಬಂದಿತ್ತು. ನಾಲ್ಕೂ ಜನ ಅಪ್ಪನ ಮುಖ ನೋಡಿದರು.

ಅಪ್ಪ ಗಡಿಯಾರವನ್ನು ಮುಟ್ಟಲೂ ಇಲ್ಲ. ತಲೆಯ ರುಮಾಲು ತೆಗೆದು ನಮ್ಮವರ ಕಾಲ ಮುಂದೆ ಇಟ್ಟ.

"ತಪ್ಪು ನಂದ ಐತ್ರಿ ಅಳಿಯಂದ್ರ. ಅಂಗಡಿಯವನಾಗಿ ಮಾಲು ನೋಡಿ ಕೊಡಬೇಕಿತ್ತು. ಬ್ಯಾರೇದು ತಂದು ಕೊಡತೀನಿ. ಮಗಳನ್ನ ಮನೀ ಬಿಡಿಸಬ್ಯಾಡ್ರಿ."

ರುಮಾಲಿಲ್ಲದ ತಲೆಯ ಅಪ್ಪನನ್ನು ನಾನು ಅದಕ್ಕೂ ಮೊದಲು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ. ನಾಚಿಕೆಯಿಂದ ಮೈ ಉರಿಯಿತು. ಮಸ್ಕಿಯಲ್ಲಿ ಒಂದು ಗಜ ಅರಿವೆ ಅಳೆದರೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಹರಿಯುವ ಮನುಷ್ಯ ನನ್ನಪ್ಪ. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ರುಮಾಲು ತಗೋ ಅಪ್ಪಾ" ಎಂದು ಹೊರಗೆ ಬಂದುಬಿಟ್ಟೆ. "ದೊಡ್ಡಪ್ಪಾರ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ಇವರಿಗೆ ಲಿಂಗ ಹಿಡಿದಂಗ ಕೈ ಎತ್ತಾಕ ಹೇಳ್ರಿ. ಚಾವಿ ಮ್ಯಾಲ ಕಣ್ಣಿಡ್ರಿ."

"ಕಸ್ತೂರಿ, ಬಾಯಿ ಮುಚ್ಚು" ಎಂದ ಅಪ್ಪ.

ಮುದುಕಪ್ಪನವರು ಸುಮ್ಮನಿರಲಿಲ್ಲ. "ಎತ್ತೋ ಜಂಬಣ್ಣ" ಎಂದರು. ನಮ್ಮವರು ಬರಿಗೈ ಎತ್ತಿದರು. ಚಾವಿ ಅಂಗೈ ಹಿಂಬದಿಯ ಮಾಂಸದಲ್ಲಿ ಹೂತುಕೊಂಡಿತು. ಮುದುಕಪ್ಪನವರು ಗಡಿಯಾರ ಬಿಚ್ಚಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿದು, ಚಾವಿಯ ಸುತ್ತಿನಲ್ಲಿ ಉಗುರು ಆಡಿಸಿದರು. ಸುಣ್ಣದಂತೆ ಗಟ್ಟಿಯಾಗಿದ್ದ ವಿಭೂತಿ ಪುಡಿಪುಡಿಯಾಗಿ ಉದುರಿತು.

"ಇದು ತುಂಬಿಕೊಂಡ್ರ ಪೂರಾ ಬಿಗಿಯಾಗೋದು ಹ್ಯಾಂಗ? ಅರ್ಧಾ ಬಿಗಿಯಾಗಿದ್ದನ್ನ ನಿನ್ನ ಕೈನ ಬಿಚ್ಚತೈತಿ. ಬಿಚ್ಚಿದ ಮ್ಯಾಲ ನೀರು ಒಳಗ ಹೋಗದ ಏನ್ ಮಾಡತೈತಿ? ಪೂಜಾ ಮಾಡೋದು ಶಿವಗೋ, ಘಡಿಗೋ?" ಎಂದರು. ಓಣಿಯವರೊಬ್ಬರು ನಗು ತಡೆಯಲಾರದೆ ಕೆಮ್ಮಿದರು. ನಮ್ಮವರ ಮುಖ ನೆಲ ಕಂಡಿತು. ಒಂದು ಗಳಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ತಿರುಗಿ ನೋಡಿದರೆ ಅಪ್ಪ ಇಲ್ಲ. ಹೋಗಿಬಿಟ್ಟಿದ್ದ. ರುಮಾಲು ನೆಲದ ಮೇಲೆ ಇದ್ದಲ್ಲೇ ಇತ್ತು.

ನಮ್ಮವರು ಅದನ್ನು ಎತ್ತಿಕೊಂಡು ಓಡಿದರು. ನಾನೂ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂದೆ ಓಡಿದೆ. ಬಜಾರಿನವರು ಅಂಗಡಿಯಿಂದ ಇಣುಕಿ ನೋಡಿದರು, ನೋಡಲಿ. ಅಪ್ಪ ಮಸ್ಕಿಯ ಬಸ್ಸಿನ ಹತ್ತಿರ ಟವೆಲ್ಲು ತಲೆಗೆ ಹಾಕಿಕೊಂಡು, ಯಾರಿಗೂ ಮುಖ ಕಾಣದಂತೆ ನಿಂತಿದ್ದ.

"ಮಾವಾರ, ತಲಿ ಬಗ್ಗಸ್ರಿ" ಎಂದರು ನಮ್ಮವರು. ಬಸ್ಸಿನ ಜನರೆಲ್ಲ ನೋಡುತ್ತಿರುವಾಗ ತಮ್ಮ ಕೈಯಿಂದಲೇ ಅಪ್ಪನ ತಲೆಗೆ ರುಮಾಲು ಸುತ್ತಿದರು. ಸುತ್ತು ಸೊಟ್ಟಗಾಯಿತು. "ತಪ್ಪಾತ್ರಿ" ಎಂದರು. ಪಕ್ಕಕ್ಕೆ ಸರಿದು ನಿಂತರು.

ಅಪ್ಪ ನನ್ನನ್ನು ಹತ್ತಿರ ಕರೆದ.

"ದೀಪಾವಳಿಗೆ ಬಂದಾಗ ಅವರು ಪೂಜಾ ಮಾಡೋದನ್ನ ನಾನೂ ನೋಡಿದ್ದೆ, ಯವ್ವಾ. ಚಾವಿ ಹ್ಯಾಂಗ ಬಿಚ್ಚತೈತಿ ಅಂಬೋದು ಅವತ್ತ ಗೊತ್ತಾಗಿತ್ತು."

"ಮತ್ತ್ಯಾಕ ಹೇಳಲಿಲ್ಲ? ಎಲ್ಲಾರ ಮುಂದ ರುಮಾಲು ಯಾಕ ತಗದಿ?"

"ನನ್ನ ತಲಿ ತಗ್ಗಿದ್ರ ನಾ ಮಸ್ಕಿಗೆ ಹೋಗಿ ಮರೀತಿದ್ದೆ. ಅವರ ತಲಿ ತಗ್ಗಸೀದಿ. ನೀ ಅದರ ಕೂಡ ದಿನಾ ಬಾಳೇವು ಮಾಡಬೇಕಲ್ಲ, ಮಗಳಾ."

ಬಸ್ಸು ಹೊರಟಿತು. ನಾವಿಬ್ಬರೂ ಮನೆಯ ಕಡೆ ತಿರುಗಿದೆವು, ಅವರು ಮುಂದೆ, ನಾನು ಹಿಂದೆ. ಬೈದರೂ ಸಾಕಿತ್ತು, ಹೊಡೆದರೂ ತಡೆದುಕೊಳ್ಳುತ್ತಿದ್ದೆ. ಬಜಾರು ದಾಟಿ, ಓಣಿ ದಾಟಿ, ಹೊಸ್ತಿಲು ದಾಟುವ ತನಕ ಅವರು ಒಮ್ಮೆಯೂ ತಿರುಗಿ ನನ್ನ ಮುಖ ನೋಡಲಿಲ್ಲ.