ಅಲುಗಾಟ ಕಂಡರೆ

ಚಾಟ್‌ಬಾಟ್‌ಗಳಿಗೆ ಆಡುಮಾತಿನಲ್ಲಿ ಕೆಲಸ ಹೇಳಿ, ಅವು ಬರೆದುಕೊಟ್ಟ ಪ್ರೋಗ್ರಾಂಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದು ಅವಳ ಕೆಲಸ. ಮೂವತ್ತು ವರ್ಷ ತಾನೇ ಪ್ರೋಗ್ರಾಂ ಬರೆದವಳು. ತಪ್ಪು ಹಿಡಿಯುವುದರಲ್ಲಿ ಎತ್ತಿದ ಕೈ. ಕಚೇರಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ‘ಮೇಷ್ಟ್ರಮ್ಮ’ ಅಂತ.

ಒಂದು ಬೆಳಿಗ್ಗೆ ಹೊಸ ಪ್ರಶ್ನೆ ಹೊಳೆಯದೆ, ಕೈಗೆ ಬಂದದ್ದನ್ನು ಟೈಪ್ ಮಾಡಿದಳು: ‘ಕೋಲ್ಡ್ ಸ್ಟೋರೇಜಿನ ಬಾಗಿಲು ಹಾಕಿದ ಮೇಲೆ ಒಳಗೆ ಅಲುಗಾಟ ಕಂಡರೆ ಗಂಟೆ ಬಾರಿಸು.’

ಬರೆದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಹನ್ನೊಂದು ವರ್ಷದ ಹಿಂದೆ ಒಬ್ಬ ಮಾಲೀಕ ಅವಳಿಗೆ ಹೇಳಿದ್ದು ಇದೇ ಮಾತು. ಅವಳು ಹಾಗೇ ಬರೆದುಕೊಟ್ಟಿದ್ದಳು. ತಿಂಗಳೊಳಗೆ ಹಮಾಲನೊಬ್ಬ ಪೆಟ್ಟಿಗೆಗಳ ಹಿಂದೆ ಪ್ರಜ್ಞೆ ತಪ್ಪಿ ಬಿದ್ದ. ಯಾರೋ ನೋಡದೆ ಬಾಗಿಲು ಹಾಕಿದರು. ಅಲುಗಾಟವಿಲ್ಲ, ಗಂಟೆಯೂ ಇಲ್ಲ. ಅವನು ಚಳಿಗೆ ಒಳಗೇ ಸತ್ತ. ಗಂಟೆಯೇ ಕೆಟ್ಟಿತ್ತು ಅಂತ ತನಿಖೆಯವರು ವರದಿ ಬರೆದರು. ತಪ್ಪು ತನ್ನ ಪ್ರೋಗ್ರಾಂನದು ಅಂತ ಗೊತ್ತಿದ್ದೂ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಮೊದಲ ಎರಡು ಚಾಟ್‌ಬಾಟ್ ಬರೆದದ್ದು ಅವಳದೇ ಪ್ರೋಗ್ರಾಂ, ಹೆಚ್ಚುಕಮ್ಮಿ ಸಾಲಿಗೆ ಸಾಲು. ಮೂರನೆಯದು ಬರೆಯುವ ಮೊದಲು ಕೇಳಿತು: ‘ಒಳಗಿರುವವರು ಅಲುಗಾಡಲಾಗದ ಸ್ಥಿತಿಯಲ್ಲಿದ್ದರೆ?’

ಆ ವಾರವೆಲ್ಲ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಫ್ರಿಜ್ ಮುಚ್ಚಿದರೆ, ಲಿಫ್ಟ್ ಬಾಗಿಲು ಹಾಕಿಕೊಂಡರೆ, ಒಳಗೆ ಯಾರೋ ಸದ್ದಿಲ್ಲದೆ ಬಿದ್ದಿದ್ದಾರೆ ಅನಿಸುತ್ತಿತ್ತು. ಕೊನೆಗೆ ಭಾನುವಾರ ಹಮಾಲನ ಹೆಂಡತಿಯ ಮನೆ ಹುಡುಕಿಕೊಂಡು ಹೋದಳು. ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಆಕೆಗೆ ನಿಂತಲ್ಲೇ ಎಲ್ಲ ಹೇಳಿದಳು.

“ಗಂಟೆ ಕೆಟ್ಟಿರಲಿಲ್ಲ ಅಕ್ಕಾ. ತಪ್ಪು ನಂದು.”

ಆಕೆ ಮೆಷಿನ್ ನಿಲ್ಲಿಸಿ, “ಹಾಗಾದ್ರೆ ಅವರು ಬಾಗಿಲು ಬಡೀಲಿಲ್ವಾ?” ಅಂದಳು.

“ಇಲ್ಲ. ಒಂದು ಸಲ ಕೈ ಆಡಿಸಿದ್ರೂ ಗಂಟೆ ಹೊಡ್ಕೊಳ್ತಿತ್ತು. ಅವರಿಗೆ ಎಚ್ಚರಾನೇ ಆಗ್ಲಿಲ್ಲ.”

“ಹನ್ನೊಂದು ವರ್ಷದಿಂದ ನಂಗೆ ಆ ಬಡಿತ ಕೇಳ್ತಾನೇ ಇದೆ. ಪಾತ್ರೆ ತೊಳೀವಾಗ, ಬಟ್ಟೆ ಒಗೀವಾಗ.” ಆಕೆಯ ದನಿ ಏರಲಿಲ್ಲ. “ಈ ಒಂದು ಮಾತು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?”

ಆಕೆ ಕೂತ್ಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ತಲೆ ತಗ್ಗಿಸಿ ಮೆಷಿನ್ ತುಳಿಯತೊಡಗಿದಳು.

ಸೋಮವಾರ ಮೇಷ್ಟ್ರಮ್ಮ ಅಂದಿನ ತನಿಖೆಯವರಿಗೆ ಎಲ್ಲ ಬರೆದು, ಸಹಿ ಹಾಕಿ ಕಳಿಸಿದಳು. ಆಮೇಲೆ ಕೂತು ಮೊದಲ ಎರಡು ಚಾಟ್‌ಬಾಟ್‌ಗೆ ಸೊನ್ನೆ ಹಾಕಿದಳು.

“ಹೇಳಿದ್ದನ್ನ ಸರಿಯಾಗೇ ಮಾಡಿವೆಯಲ್ಲ ಮೇಡಂ, ಸೊನ್ನೆ ಯಾಕೆ?” ಅಂದರು ಮೇಲಧಿಕಾರಿ.

“ನಾನೂ ಹೇಳಿದ್ದನ್ನೇ ಮಾಡಿದ್ದೆ ಸಾರ್,” ಅಂದಳು.