ಹೌದು ಬುದ್ದಿ

ಬಿಳಿಯರ ಎದುರು ‘ಇಲ್ಲ’ ಅಂದವನ ಹೆಣವನ್ನು ಹೊಳೆಯಿಂದ ಎಳೆಯಬೇಕಾಗುತ್ತದೆ ಎಂಬುದು ಮಿಸಿಸಿಪ್ಪಿಯ ಆ ಹತ್ತಿ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಲುವೀನಿಯಾ ತನ್ನ ಇಬ್ಬರು ಮಕ್ಕಳಿಗೆ ಮೊದಲು ಕಲಿಸಿದ ಮಾತೇ ‘ಹೌದು ಬುದ್ದಿ’. ತಲೆ ತಗ್ಗಿಸು, ಹೌದು ಬುದ್ದಿ ಅನ್ನು, ಜೀವ ಹಿಡಿದುಕೊಂಡು ಮನೆಗೆ ಬಾ. ಅವಳ ಅಪ್ಪ ಹಾಗೆ ಅನ್ನುತ್ತಲೇ ಮುದುಕನಾದ. ಆ ಊರಲ್ಲಿ ಕರಿಯನೊಬ್ಬ ಮುದುಕನಾಗುವುದೆಂದರೆ ಸಣ್ಣ ಮಾತಲ್ಲ.

ಸಮುದ್ರದಾಚೆ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಬಿಳಿ ಮಾಲೀಕನ ತಲೆಯನ್ನು ಯಾರೋ ಸಲಾಕೆಯಿಂದ ಒಡೆದು ಕೊಂದರು. ಸಂಜೆಯೊಳಗೆ ಶೆರಿಫ್ ಹಾಲ್ಬರ್ಟ್ ಬಂದು ಲುವೀನಿಯಾಳ ಮಗ ಎಜೆಲ್‌ನನ್ನು ಹೊಲದಿಂದ ಎಳೆದೊಯ್ದ. ಹುಡುಗ ಆ ದಿನವೆಲ್ಲ ಹತ್ತಿ ಸಾಲು ಬಿಟ್ಟು ಕದಲಿರಲಿಲ್ಲ, ಜೊತೆಗೆ ಬಿಡಿಸುತ್ತಿದ್ದ ಕರಿಯರೆಲ್ಲ ಕಂಡಿದ್ದರು. ಆದರೆ ಕರಿಯರು ಕಂಡದ್ದನ್ನು ಸಾಕ್ಷಿ ಅನ್ನುವವರು ಯಾರು?

ಬೆಳಗ್ಗೆ ಲುವೀನಿಯಾ ಮೆಕ್ಕೆಜೋಳದ ರೊಟ್ಟಿ ಕಟ್ಟಿಕೊಂಡು ಜೈಲಿಗೆ ಹೋದಾಗ ಏಟಿನ ಸದ್ದು ಅಂಗಳಕ್ಕೇ ಕೇಳುತ್ತಿತ್ತು. ಬೆಲ್ಟನ್ನು ಬಕಲಿನ ಕಡೆಯಿಂದ ಬೀಸುತ್ತಿದ್ದರು. ನೀನೇ ತಾನೆ ಕೊಂದದ್ದು ಎಂದು ಕೇಳುವುದು, ಹೊಡೆಯುವುದು. ಎಜೆಲ್ ಪ್ರತಿ ಸಲವೂ ಇಲ್ಲ ಅನ್ನುತ್ತಿದ್ದ. ಕೊನೆಗೆ ಹಾಲ್ಬರ್ಟ್ ಬೆವರೊರೆಸಿಕೊಂಡು ಹೊರಬಂದು, ಮಗನಿಗೆ ನಾಲ್ಕು ಮಾತು ಹೇಳು ಹೋಗು ಎಂದು ಅವಳನ್ನೇ ಒಳಗೆ ಬಿಟ್ಟ.

ಮಗನ ಬೆನ್ನಲ್ಲಿ ಚರ್ಮ ಅನ್ನುವುದು ಉಳಿದಿರಲಿಲ್ಲ. ಒಂದು ಕಣ್ಣು ಊದಿ ಮುಚ್ಚಿತ್ತು. ಮುರಿದ ಹಲ್ಲು ನೆಲದ ಮೇಲೆ ಬಿದ್ದಿದ್ದವು. ಹೆತ್ತ ಕರುಳು, ಇನ್ನೇನು ಹೇಳೀತು?

“ಹೌದು ಅಂದ್ಬಿಡು ಮಗಾ. ಇವತ್ತು ಜೀವ ಉಳಿಸ್ಕೋ. ನಿಜಾನ ಕೋರ್ಟಲ್ಲಿ ಹೇಳುವಂತೆ.”

“ನಾನು ಮಾಡಿಲ್ಲ ಕಣವ್ವ.”

“ನಂಗೊತ್ತಿಲ್ವಾ? ಅಂದ್ಬಿಡು ಅಷ್ಟೆ.”

ಅವನು ಅಂದ. ಹೌದು ಬುದ್ದಿ, ನಾನೇ ಕೊಂದೆ ಬುದ್ದಿ. ಏಟು ನಿಂತವು. ಮಗ ಬದುಕಿಕೊಂಡ ಎಂದು ಲುವೀನಿಯಾ ಯೇಸುವನ್ನು ನೆನೆದು ಅತ್ತಳು. ಅಯ್ಯೋ ಹುಚ್ಚಿ!

ಕೋರ್ಟಿನಲ್ಲಿ ಜ್ಯೂರಿ ಕುರ್ಚಿಗಳಲ್ಲಿ ಕೂತವರೆಲ್ಲ ಬಿಳಿಯರೇ. ಎಜೆಲ್ ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಸರ್ಕಾರಿ ವಕೀಲ ಅತ್ತ ತಿರುಗಿಯೂ ನೋಡಲಿಲ್ಲ. ಇವನು ಒಪ್ಪಿಕೊಂಡದ್ದು ಹೆತ್ತವ್ವನ ಎದುರಿಗೆ, ಅವ್ವನ ಎದುರು ಯಾವ ಮಗ ತನ್ನ ತಲೆಯ ಮೇಲೆ ಸುಳ್ಳು ಎಳೆದುಕೊಳ್ಳುತ್ತಾನೆ ಎಂದು ಜ್ಯೂರಿಯನ್ನು ಕೇಳಿದ. ಹಾಗೆ ಹೇಳಿಸಿದವಳು ನಾನೇ ಎಂದು ಲುವೀನಿಯಾ ಎದ್ದು ಕೂಗಿಕೊಂಡಳು. ಪೇದೆ ಅವಳ ಜುಟ್ಟು ಹಿಡಿದು ಮೆಟ್ಟಿಲಿಂದ ಕೆಳಗೆ ದಬ್ಬಿದ. ಮರಣದಂಡನೆಯ ತೀರ್ಪು ಕೊಡಲು ಜ್ಯೂರಿಯವರಿಗೆ ಒಂದು ಸಿಗರೇಟು ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ.

ಆ ರಾಜ್ಯದಲ್ಲಿ ಸಾವು ಲಾರಿಯಲ್ಲಿ ಬರುತ್ತಿತ್ತು. ಕರೆಂಟಿನ ಕುರ್ಚಿಯನ್ನು ಊರಿಂದೂರಿಗೆ ಹೊತ್ತು ತಂದು, ತೀರ್ಪು ಕೊಟ್ಟ ಕೋರ್ಟಿನೊಳಗೇ ಇಳಿಸುವುದು ಪದ್ಧತಿ. ಜನರೇಟರು ಹೊರಗೆ, ತಂತಿ ಕಿಟಕಿಯಿಂದ ಒಳಗೆ. ಬಿಳಿಯರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಕೋರ್ಟಿನಂಗಳದ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಥೂ!

ಕೊನೆಯ ಭೇಟಿಯಲ್ಲಿ ಲುವೀನಿಯಾ ಮಗನ ಕಾಲು ಹಿಡಿದುಕೊಂಡಳು. ಅವನು ಅವಳನ್ನು ಬೈಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಪುಟ್ಟ ತಂಗಿ ವರ್ಲೀನಳ ತಲೆ ಸವರಿದ.

“ನೀನು ಉಳಿಸೋಕೇ ಹೇಳ್ದೆ, ಬಿಡವ್ವ. ಆದ್ರೆ ಇವ್ಳ ಬಾಯಲ್ಲಿ ಮಾತ್ರ ಇನ್ಮೇಲೆ ಆ ‘ಹೌದು ಬುದ್ದಿ’ ಅನ್ನಿಸ್ಬೇಡ. ನನ್ನಾಣೆ.”

ಅವಳು ಆಣೆ ಇಟ್ಟಳು.

ಜನರೇಟರು ಗುಡುಗಿತು. ಮೊದಲ ಸಲಕ್ಕೆ ಎಜೆಲ್ ಸಾಯಲಿಲ್ಲ. ಅವನ ನರಳಾಟ ಕಿಟಕಿ ದಾಟಿ ಬಂತು. ಯಾರೋ ಬೈದರು, ಯಾರೋ ತಂತಿ ಬಿಗಿದರು, ಮತ್ತೆ ಗುಡುಗಿತು. ಸುಟ್ಟ ಮಾಂಸದ ನಾತ ಹುಲ್ಲಿನವರೆಗೂ ಹರಡಿತು. ಲುವೀನಿಯಾ ಮಗಳ ಕಿವಿ ಮುಚ್ಚಿದಳು, ಮೂಗು ಮುಚ್ಚುವುದಕ್ಕೆ ಕೈ ಸಾಲಲಿಲ್ಲ.

ಹೆಣ ಕೊಡುವಾಗ ಹಾಲ್ಬರ್ಟ್ ವರ್ಲೀನಳ ಗಲ್ಲ ಹಿಡಿದೆತ್ತಿದ.

“ಏನೇ, ನಿಮ್ಮಣ್ಣನಿಗೆ ಆಗ್ಬೇಕಾದ್ದೇ ಆಯ್ತು, ಅಲ್ವೇನೇ?”

ಹುಡುಗಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಇಲ್ಲ.”

ಕಡಲೆಕಾಯಿ ಸುಲಿಯುತ್ತಿದ್ದ ಕೈಗಳು ನಿಂತವು. ನಾಲ್ಕಾರು ಗಂಡಸರು ಹುಲ್ಲಿನಿಂದ ಎದ್ದರು. ಹಾಲ್ಬರ್ಟನ ಕೈ ಸೊಂಟದ ಬೆಲ್ಟಿಗೆ ಹೋಯಿತು. ಅಷ್ಟರೊಳಗೆ ಲುವೀನಿಯಾ ಮಗಳ ಕೆನ್ನೆಗೆ ಬಾರಿಸಿದಳು. ಹುಡುಗಿ ಹಾಲ್ಬರ್ಟನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮತ್ತೆ ಬಾರಿಸಿದಳು. ತುಟಿ ಸೀಳಿತು. ನೆಲಕ್ಕೆ ಬಿದ್ದವಳನ್ನು ಎತ್ತಿ ನಿಲ್ಲಿಸಿ ಹೊಡೆದಳು, ಕೇಳಿ ಕೇಳಿ ಹೊಡೆದಳು.

“ಅನ್ನೇ! ಹೌದು ಬುದ್ದಿ ಅನ್ನು!”

“ಹೌದು ಬುದ್ದಿ,” ಅಂದಳು ವರ್ಲೀನ್, ರಕ್ತ ಉಗುಳಿ.

ಮಕ್ಕಳನ್ನು ಹೀಗೆ ಬೆಳೆಸಬೇಕು ಎಂದು ಹಾಲ್ಬರ್ಟ್ ನಕ್ಕ. ಗಂಡಸರು ಮತ್ತೆ ಕೂತರು. ಹೆಣವನ್ನು ಗಾಡಿಗೆ ಹಾಕಿದರು. ಲುವೀನಿಯಾ ಮುಂದೆ ಕೂತು, ಪಕ್ಕಕ್ಕೆ ಬಾ ಎಂದು ಮಗಳಿಗೆ ಕೈ ಚಾಚಿದಳು. ವರ್ಲೀನ್ ಆ ಕೈ ಮುಟ್ಟದೆ ಹಿಂದಿನಿಂದ ಹತ್ತಿ ಅಣ್ಣನ ಪಕ್ಕ ಕೂತಳು.