ಹತ್ತು ಎಣಿಸುವವರೆಗೆ

ಮುಚ್ಚಿದ ತಟ್ಟೆಯ ಅಂಚಿನಲ್ಲಿ ಒಂದು ಹನಿ, ಇನ್ನೇನು ಬೀಳುತ್ತದೆ, ಬೀಳಲಿಲ್ಲ — ಬೆಳಗಾಗಿದೆ, ತಟ್ಟೆ ಎತ್ತಿದರೆ ತಿಳಿಯುತ್ತದೆ, ಎತ್ತಲಾರೆ, ಎತ್ತುವವರೆಗಾದರೂ ಒಳಗಿರುವುದು ಮೊಸರೇ, ಪಾಂಡವಪುರದ ಈ ಮನೆಯಲ್ಲಿ ತಂಗಿ ಚೆಲುವಿ ಮೂವತ್ತು ವರ್ಷ ದಿನ ತಪ್ಪದೆ ಹೆಪ್ಪು ಹಾಕಿ ಉಳಿಸಿದ್ದು, ಅವಳು ಹೋಗಿ ಇವತ್ತಿಗೆ ಹದಿನೈದು ದಿನ, ಅವಳ ಕೈಯದು ಅಂತ ಜೀವ ಇಟ್ಟುಕೊಂಡಿರುವುದು ಇದೊಂದೇ. ಅವತ್ತು ಬೂಕನಕೆರೆಯಿಂದ ಬಂದ ತಮ್ಮ ನರಸಯ್ಯ ಕುಡಿಕೆಯ ಮೊಸರನ್ನೆಲ್ಲ ಹಿತ್ತಿಲಿಗೆ ಚೆಲ್ಲಿದ, ಸೂತಕದ ಮನೆ ಮೊಸರು ಮಡಿಕಬಾರ್ದು ಕಣಕ್ಕ, ಅವನ ಕಣ್ಣೂ ತುಂಬಿತ್ತು, ಬೈಯಲಾಗಲಿಲ್ಲ, ಮುಗಿಯಿತು ಅಂದುಕೊಂಡೆ, ನಿನ್ನೆ ದೀಪ ಹಚ್ಚುವ ಮುಂಚೆ ಪಕ್ಕದ ಮನೆಯ ದ್ಯಾವಮ್ಮ ಸೆರಗಿನಡಿ ಲೋಟ ಮುಚ್ಚಿಕೊಂಡು ಬಂದಳು, ಚೆಲುವಮ್ಮೋರು ಓಗೋಕೆ ಮುಂಚಿನ ದಿನ ಕೊಟ್ಟಿದ್ದ ಹೆಪ್ಪು ಮೇಡಮ್ಮೋರೆ, ಅದ್ರಿಂದ್ಲೇ ಬಂದಿರೋದು, ನಮ್ಮೆಮ್ಮೆ ಬತ್ತೋಯ್ತು, ಎಲ್ಲಾನೂ ನೀವೇ ಮಡಿಕಳಿ — ಅವಳ ಮಕ್ಕಳು ಮಜ್ಜಿಗೆಯಿಲ್ಲದೆ ಬರೀ ಉಪ್ಪೆಸರಲ್ಲಿ ಉಂಡಿರಬೇಕು.

ಮೂವತ್ತು ವರ್ಷ ಕಾಲೇಜಿನ ಕರಿಹಲಗೆಯ ಮೇಲೆ ಬರೆದೆ, ಉದ್ದನೆಯ ಒಂದು ಬ್ಯಾಕ್ಟೀರಿಯ, ನಡುವೆ ಒಂದು ಗೆರೆ, ಎರಡಾಯಿತು. ಆ ಗೆರೆ ಎಳೆಯುವವರು ಯಾರೆಂದು ನನಗೂ ತಿಳಿದಿರಲಿಲ್ಲ. ನಿವೃತ್ತಳಾದ ಮೇಲೆ ಶಿಷ್ಯ ಸಿದ್ದರಾಜು, ತರಗತಿಯಲ್ಲಿ ತಾನು ಅದನ್ನೇ ಕೇಳಿದ್ದು ನೆನಪಿಟ್ಟುಕೊಂಡು, ಮೈಸೂರಿನಿಂದ ಕಾಗದ ಬರೆದ, ಮೇಡಂ, ಅದೊಂದು ಪ್ರೋಟೀನು, ತೊಂಬತ್ತೊಂದರಲ್ಲಿ ಕಂಡರಂತೆ, ಮಣಿಗಳ ಹಾಗೆ ಪೋಣಿಸಿಕೊಂಡು ಕೋಶದ ನಟ್ಟನಡುವೆ ಉಂಗುರ ಕಟ್ಟುತ್ತದೆ, ಪೆನ್ನಿನಲ್ಲಿ ಉಂಗುರ ಬರೆದೂ ಇದ್ದ, ಡಿಎನ್ಎಯ ಎರಡು ಪ್ರತಿ ಆಚೆಗೊಂದು ಈಚೆಗೊಂದು ಸರಿಯುತ್ತವೆ, ಉಂಗುರ ಬಿಗಿಯುತ್ತದೆ, ಬಿಗಿದಲ್ಲೇ ಹೊಸ ಗೋಡೆ ಒಳಕ್ಕೆ ಬೆಳೆಯುತ್ತದೆ — ಚೆಲುವಿಗೆ ಓದಿ ಹೇಳಿದೆ, ನೀನು ಹೆಪ್ಪು ಹಾಕಿದ ಹಾಲಿನಲ್ಲೂ ರಾತ್ರಿಯೆಲ್ಲ ಇದೇ ಕೆಲಸ ಕಣೆ. ಅದ್ರಲ್ಲಿ ಅವ್ವ ಯಾವ್ದಕ್ಕ, ಮಗಳ್ಯಾವ್ದು? ಅವ್ವ ಇಲ್ಲ, ಎರಡೂ ಮಕ್ಕಳೇ. ಅಂಗಾದ್ರೆ ಎಣವೂ ಇಲ್ಲ, ಅಳೋರೂ ಇಲ್ಲ ಬುಡು, ಪುಣ್ಯವಂತ್ರು — ನಕ್ಕು, ಕಾಯಿಸಿಟ್ಟ ಹಾಲಿಗೆ ಕಿರುಬೆರಳು ಅದ್ದಿದಳು, ಹತ್ತೆಣಿಸೋಗಂಟ ಬೆರಳು ತಾಳುದ್ರೆ ಹೆಪ್ಪಾಕ್ಬೌದು, ಇಷ್ಟ್ ಓದಿದ್ದೀಯ, ಇದೊಂದು ಬರಕಿಲ್ವಾ ನಿಂಗೆ.

ನಿನ್ನೆ ನಾನೂ ಅದ್ದಿದೆ ಚೆಲುವಿ, ಒಂದು, ಎರಡು, ಹತ್ತು, ಬೆರಳು ತಾಳಿತು, ಲೋಟವನ್ನು ಬಳಿದು ಬಳಿದು ಹಾಕಿದೆ, ಲೋಟ ಬರಿದಾಗಿ ಹಿಂದಿರುಗಿಸಬಾರದೆಂದು ಚೆನ್ನಾಗಿ ತೊಳೆದು ಒಂದು ಅಚ್ಚು ಬೆಲ್ಲ ಇಟ್ಟು ಕೊಟ್ಟೂ ಬಂದೆ — ಈ ಬೆಳಗ್ಗೆ ಕಿರುಬೆರಳ ತುದಿಯಲ್ಲಿ ಬೊಬ್ಬೆ, ನೋವಿಲ್ಲದ ಬೊಬ್ಬೆ, ಸಕ್ಕರೆ ಕಾಯಿಲೆಯಲ್ಲಿ ಬೆರಳಿಗೆ ಸ್ಪರ್ಶ ಹೋಗಿ ಎಷ್ಟು ದಿನವಾಗಿತ್ತೋ, ಅದು ತಾಳಿದ್ದಲ್ಲ, ತಿಳಿಯದೆ ಇದ್ದದ್ದು, ಆ ಬಿಸಿಗೆ ಹೆಪ್ಪಿನೊಳಗೆ ಯಾವ ಮಣಿ ಯಾವ ಮಣಿಯನ್ನು ಹಿಡಿದೀತು — ಮೇಡಮ್ಮೋರೆ, ಹೆಪ್ಪಾಯ್ತಾ, ಬೇಲಿಯಾಚೆಯಿಂದ ದ್ಯಾವಮ್ಮ, ನಾನು ತಟ್ಟೆ ಎತ್ತಿದೆ, ಪಾತ್ರೆ ಓರೆ ಮಾಡಿದೆ, ಹಾಲು ಹಾಲಾಗಿಯೇ ಓಡಿತು, ಆಯ್ತು ಕಣವ್ವ, ಗಟ್ಟಿಯಾಗಿದೆ, ಅಂದೆ, ಅವ್ರ ಕೈಗುಣ ಬುಡಿ ಮೇಡಮ್ಮೋರೆ, ಅಂದಳು — ಓಡಿದ ಹಾಲು ಪಾತ್ರೆಯ ಗೋಡೆಯ ಮೇಲೆ ಬಿಟ್ಟ ಬಿಳಿ ಉಂಗುರ, ತೆಳ್ಳಗೆ, ಸುತ್ತಲೂ, ಬಿಗಿಯುತ್ತಿಲ್ಲ, ಉಂಗುರ, ಬಿಗಿಯುತ್ತಿಲ್ಲ